ಸೈಕೆಡೆಲಿಕ್ ಚಿಕಿತ್ಸೆ: ಜನರ ಭಯ ಕಳೆಯುವುದು ಈಗಿನ ಮೊದಲ ಕೆಲಸವೇ?

ಸಿಲೋಸೈಬಿನ್ (ಕೆಲವು ಬಗೆಯ ಅಣಬೆಗಳಲ್ಲಿರುವ ವಸ್ತು), ಎಂಡಿಎಂಎ, ಎಲ್‌ಎಸ್‌ಡಿ. ಮನಸ್ಸಿನ ಅನುಭವವನ್ನೇ ಕೆಲಹೊತ್ತು ಬದಲಿಸುವ ಇಂಥವನ್ನು ಸೈಕೆಡೆಲಿಕ್ ಅನ್ನುತ್ತಾರೆ. ಈ ಹೆಸರುಗಳನ್ನು ಹೆಚ್ಚಿನವರು ಕೇಳಿರುವುದು ಪೊಲೀಸ್ ದಾಳಿಯ ಸುದ್ದಿಯಲ್ಲಿ. ಈಗ ಇವೇ ಹೆಸರುಗಳು ವೈದ್ಯಕೀಯ ಪತ್ರಿಕೆಗಳಲ್ಲೂ ಬರುತ್ತಿವೆ. ಬೇರೆ ಔಷಧಿಗೆ ಬಗ್ಗದ ಖಿನ್ನತೆ, ಹಳೆಯ ಆಘಾತ ಬೆನ್ನು ಬಿಡದ ಪಿಟಿಎಸ್‌ಡಿ, ಕುಡಿತದ ಚಟ, ಸಾವು ಹತ್ತಿರ ಬಂದ ಕ್ಯಾನ್ಸರ್ ರೋಗಿಯ ದಿಗಿಲು, ಇವಕ್ಕೆಲ್ಲ ಥೆರಪಿಸ್ಟ್ ಪಕ್ಕದಲ್ಲಿ ಕೂತು ಕೊಡುವ ಚಿಕಿತ್ಸೆಯಾಗಿ ಇವುಗಳನ್ನು ಪರೀಕ್ಷಿಸುತ್ತಿದ್ದಾರೆ. ಆದರೆ ಜನರ ಅನುಮಾನ ಹೋಗಿಲ್ಲ. ಇಂಥ ಚಿಕಿತ್ಸೆ ಬೇಕು ಅನ್ನುವವರನ್ನು ವಕ್ರವಾಗಿ ನೋಡುವುದೂ ನಿಂತಿಲ್ಲ. ವೈದ್ಯರು, ಸಂಶೋಧಕರು ಈಗಲೇ ಜನರ ಮುಂದೆ ಹೋಗಿ ಈ ಭಯವನ್ನು, ಈ ಕಳಂಕವನ್ನು ತೊಡೆಯುವ ಕೆಲಸಕ್ಕೆ ಇಳಿಯಬೇಕಾ? ಹೌದು ಅನ್ನುವ ಒಂದು ಬರಹ, ಬೇಡ ಅನ್ನುವ ಒಂದು ಬರಹ ಇಲ್ಲಿವೆ.

ಪರ: ಹಳೆಯ ಸುಳ್ಳುಗಳನ್ನು ತಿದ್ದಲು ಇನ್ನೂ ಎಷ್ಟು ಕಾಯಬೇಕು?

ವರ್ಷಗಟ್ಟಲೆ ಖಿನ್ನತೆಯಲ್ಲಿ ಬೆಂದವರ ಮಾತು ಕೇಳಿ ನೋಡಿ. ಒಂದು ಮಾತ್ರೆ ಆಯ್ತು, ಇನ್ನೊಂದು ಆಯ್ತು, ಡೋಸ್ ಹೆಚ್ಚಿಸಿದ್ದಾಯ್ತು, ಥೆರಪಿಯೂ ಆಯ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವುದು ಮಾತ್ರ ಹಾಗೇ ಕಷ್ಟ. ಇಂಥವರು ಸಿಲೋಸೈಬಿನ್ ಪ್ರಯೋಗದ ಬಗ್ಗೆ ಎಲ್ಲೋ ಓದಿ ಮನೆಯಲ್ಲಿ ಬಾಯಿಬಿಟ್ಟರೆ ಏನಾಗುತ್ತದೆ? "ಡ್ರಗ್ಸ್ ತಗೋಬೇಕು ಅಂತೀಯಾ?" ಅಲ್ಲಿಗೆ ಮಾತು ಮುಗಿಯಿತು. ಅವರು ಕೇಳಿದ್ದು ಚಿಕಿತ್ಸೆ. ಸಿಕ್ಕಿದ್ದು ವ್ಯಸನಿ ಅನ್ನುವ ಪಟ್ಟ. ಮನಸ್ಸಿಗೆ ಕಾಯಿಲೆ ಬಂದಿದೆ ಅಂತ ಹೇಳಿಕೊಳ್ಳಲೇ ಜನ ನಾಚುತ್ತಾರೆ. ಅದರ ಮೇಲೆ ಇದೊಂದು ಹೊರೆ.

ಈ ಭಯ ಬೆಳೆದ ಬಗೆಯನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಎಲ್‌ಎಸ್‌ಡಿ ಹುಟ್ಟಿದ್ದು ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿದ್ದ ಸ್ಯಾಂಡೋಜ್ ಕಂಪನಿಯ ಆಲ್ಬರ್ಟ್ ಹಾಫ್‌ಮನ್ ಅದನ್ನು 1938ರಲ್ಲಿ ತಯಾರಿಸಿದರು. ಮನಸ್ಸಿನ ಮೇಲೆ ಅದು ಏನು ಮಾಡುತ್ತದೆ ಅಂತ ಅವರಿಗೆ ಗೊತ್ತಾಗಿದ್ದು 1943ರಲ್ಲಿ. 1947ರಿಂದ ಕಂಪನಿ ಅದನ್ನು ಡೆಲಿಸಿಡ್ ಅನ್ನುವ ಹೆಸರಿನಲ್ಲಿ ಮನೋವೈದ್ಯರಿಗೆ ಕೊಡತೊಡಗಿತು. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವನ್‌ನಲ್ಲಿ ಮನೋವೈದ್ಯ ಹಂಫ್ರಿ ಆಸ್ಮಂಡ್ ಮತ್ತು ಜೊತೆಗಾರರು ಕುಡಿತ ಬಿಡಿಸಲು ಅದನ್ನು ಕೊಟ್ಟು ನೋಡಿದರು. ಆ ಕಾಲದ ಮನೋವೈದ್ಯರಿಗೆ ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ನೂರಾರು ಲೇಖನಗಳು ಪ್ರಕಟವಾದವು.

ಆಮೇಲೆ ಔಷಧಿ ಲ್ಯಾಬ್ ಬಿಟ್ಟು ಹೊರಗೆ ಹೋಯಿತು. 60ರ ದಶಕದ ಯುವಜನರ ಬಂಡಾಯದ ಜೊತೆ ಅದರ ಹೆಸರು ಸೇರಿಕೊಂಡಿತು. ಸರ್ಕಾರಗಳು ಬೆಚ್ಚಿಬಿದ್ದವು. 1970ರಲ್ಲಿ ಅಮೆರಿಕ ಎಲ್‌ಎಸ್‌ಡಿ, ಸಿಲೋಸೈಬಿನ್ ಎರಡನ್ನೂ ಅತಿ ಕಟ್ಟುನಿಟ್ಟಿನ ಪಟ್ಟಿಗೆ ಸೇರಿಸಿತು. ವೈದ್ಯಕೀಯ ಉಪಯೋಗ ಇಲ್ಲ, ದುರುಪಯೋಗದ ಸಾಧ್ಯತೆ ಜಾಸ್ತಿ ಅಂತ ಆ ಪಟ್ಟಿಯ ಅರ್ಥ. 1971ರ ವಿಶ್ವಸಂಸ್ಥೆಯ ಒಪ್ಪಂದ ಅದೇ ನಿಲುವನ್ನು ದೇಶ ದೇಶಕ್ಕೂ ಒಯ್ದಿತು. ಮನುಷ್ಯರ ಮೇಲಿನ ಸಂಶೋಧನೆ ಹೆಚ್ಚುಕಡಿಮೆ ಎರಡು ದಶಕ ನಿಂತೇ ಹೋಯಿತು. 1985ರಲ್ಲಿ ಎಂಡಿಎಂಎ ಕೂಡ ಅದೇ ಪಟ್ಟಿಗೆ ಹೋಯಿತು. ಅದನ್ನು ಅಷ್ಟು ಬಿಗಿಯಾದ ಪಟ್ಟಿಗೆ ಹಾಕಬೇಡಿ, ವೈದ್ಯರಿಗೆ ಬಳಸಲು ಬಿಡಿ ಅಂತ ವಿಚಾರಣೆ ನಡೆಸಿದ ನ್ಯಾಯಾಧೀಶರೇ ಶಿಫಾರಸು ಮಾಡಿದ್ದರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ.

ಭಯಕ್ಕೆ ಆಧಾರ ಅಂತ ತೋರಿಸಿದ ವಿಜ್ಞಾನದ ಗತಿ ಏನಾಯಿತು? ಎಲ್‌ಎಸ್‌ಡಿ ಕ್ರೋಮೋಸೋಮ್‌ಗಳನ್ನು ಮುರಿಯುತ್ತದೆ ಅಂತ 1967ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ಹುಟ್ಟುವ ಮಕ್ಕಳಿಗೂ ದೋಷ ತಗಲುತ್ತದೆ ಅನ್ನುವ ಸುದ್ದಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. 1971ರಲ್ಲಿ ಅದೇ ಪತ್ರಿಕೆ ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿದ ಲೇಖನ ಪ್ರಕಟಿಸಿತು. ಶುದ್ಧವಾದ ಎಲ್‌ಎಸ್‌ಡಿಯಿಂದ, ಹದವಾದ ಡೋಸ್‌ನಲ್ಲಿ, ಅಂಥ ಹಾನಿ ಆಗುವುದಿಲ್ಲ ಅಂತ ಅದರ ತೀರ್ಮಾನ. ಮೊದಲ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಎರಡನೆಯದು ಯಾರಿಗೂ ಬೇಕಿರಲಿಲ್ಲ. 2002ರಲ್ಲಿ ಮತ್ತೆ ಅದೇ ಕಥೆ. ಒಂದು ರಾತ್ರಿ ಬಳಸುವಷ್ಟು ಎಂಡಿಎಂಎ ಕೊಟ್ಟರೂ ಕೋತಿಗಳ ಮೆದುಳಿಗೆ ಪೆಟ್ಟಾಗುತ್ತದೆ ಅಂತ ಒಂದು ಸಂಶೋಧನೆ ಹೇಳಿತು. ಮರುವರ್ಷ ಅದನ್ನು ಬರೆದವರೇ ವಾಪಸ್ ಪಡೆದರು. ಬಾಟಲಿಗಳ ಲೇಬಲ್ ಅದಲುಬದಲಾಗಿತ್ತು. ಕೋತಿಗಳಿಗೆ ಕೊಟ್ಟಿದ್ದು ಎಂಡಿಎಂಎ ಆಗಿರಲೇ ಇಲ್ಲ, ಮೆಥಾಂಫೆಟಮೈನ್ ಅನ್ನುವ ಬೇರೆಯದೇ ಮಾದಕ ವಸ್ತು ಆಗಿತ್ತು! ಹೀಗೆ ತಪ್ಪು ಅಂತ ಸಾಬೀತಾದ ಮಾತುಗಳು ಜನರ ತಲೆಯಲ್ಲಿ ಇನ್ನೂ ಕೂತಿವೆ. ಅವನ್ನು ತೆಗೆಯುವ ಜವಾಬ್ದಾರಿ ಯಾರದ್ದು? ಹಾಕಿದ್ದು ವಿಜ್ಞಾನಿಗಳು ಮತ್ತು ಪತ್ರಿಕೆಗಳು. ತೆಗೆಯಬೇಕಾದವರೂ ಅವರೇ ಅಲ್ವಾ?

ಇನ್ನು ಚಿಕಿತ್ಸೆ ಹೇಗೆ ನಡೆಯುತ್ತದೆ ಅಂತ ಹೇಳಬೇಕು, ಏಕೆಂದರೆ ಜನ ಕಲ್ಪಿಸಿಕೊಳ್ಳುವುದು ಪಾರ್ಟಿಯನ್ನು. ಮೊದಲು ತಪಾಸಣೆ. ತಮಗೆ ಅಥವಾ ಹತ್ತಿರದ ರಕ್ತಸಂಬಂಧಿಗಳಿಗೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದವರನ್ನು ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಮನಸ್ಸು ಒಮ್ಮೆ ವಿಪರೀತ ಉತ್ಸಾಹಕ್ಕೆ, ಒಮ್ಮೆ ಖಿನ್ನತೆಗೆ ಹೋಗುವ ಬೈಪೋಲಾರ್ ಕಾಯಿಲೆ ಇದ್ದವರನ್ನೂ ಹೊರಗಿಡುವುದು ರೂಢಿ. ಎಂಡಿಎಂಎ ರಕ್ತದೊತ್ತಡ, ಎದೆಬಡಿತ ಏರಿಸುವುದರಿಂದ ಹೃದಯ ಪರೀಕ್ಷೆ ಆಗಬೇಕು. ಆಮೇಲೆ ಥೆರಪಿಸ್ಟ್ ಜೊತೆ ಕೆಲವು ಭೇಟಿಗಳು: ಏನಾಗಬಹುದು, ಹೆದರಿಕೆ ಬಂದರೆ ಏನು ಮಾಡಬೇಕು, ಯಾವ ಗಾಯವನ್ನು ಮುಟ್ಟಲು ಹೊರಟಿದ್ದೀರಿ. ಔಷಧಿ ಕೊಡುವ ದಿನ ಶಾಂತವಾದ ಕೋಣೆ, ಮಲಗಲು ಸೋಫಾ, ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ. ಪಕ್ಕದಲ್ಲಿ ಸಾಮಾನ್ಯವಾಗಿ ಇಬ್ಬರು. ಸಿಲೋಸೈಬಿನ್ ಆದರೆ ಸುಮಾರು ಆರು ಗಂಟೆ. ಎಂಡಿಎಂಎ ಆದರೆ ಎಂಟು. ಅಲ್ಲಿ ಹಲವರು ಅಳುತ್ತಾರೆ, ನಡುಗುತ್ತಾರೆ, ಎಷ್ಟೋ ವರ್ಷ ಮುಚ್ಚಿಟ್ಟದ್ದನ್ನು ಮೊದಲ ಸಲ ಬಾಯಿಬಿಟ್ಟು ಹೇಳುತ್ತಾರೆ. ಮಜಾ ಅನ್ನುವ ಮಾತೇ ಇಲ್ಲ. ನಂತರದ ವಾರಗಳಲ್ಲಿ ಆ ಅನುಭವವನ್ನು ಬಿಡಿಸಿ ನೋಡುವ ಭೇಟಿಗಳು ಇರುತ್ತವೆ. ಚಿಕಿತ್ಸೆಯ ದೊಡ್ಡ ಪಾಲು ಈ ಮಾತುಕತೆಯೇ.

ಫಲಿತಾಂಶಗಳೂ ಸುಮ್ನೆ ತಳ್ಳಿಹಾಕುವಂಥವಲ್ಲ. 2016ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಗ್ರಿಫಿತ್ಸ್ ತಂಡ ಜೀವಕ್ಕೆ ಕುತ್ತು ತಂದ ಕ್ಯಾನ್ಸರ್ ಇದ್ದ 51 ಮಂದಿಗೆ ಸಿಲೋಸೈಬಿನ್ ಕೊಟ್ಟು ಗಮನಿಸಿತು. ಆರು ತಿಂಗಳ ನಂತರವೂ ಹತ್ತರಲ್ಲಿ ಎಂಟು ಮಂದಿಯಷ್ಟು ಜನರಲ್ಲಿ ಖಿನ್ನತೆ, ಆತಂಕ ಗಣನೀಯವಾಗಿ ತಗ್ಗಿಯೇ ಇತ್ತು. 2022ರಲ್ಲಿ 93 ಮಂದಿ ಕುಡಿತದ ಚಟ ಇದ್ದವರ ಪ್ರಯೋಗ ಪ್ರಕಟವಾಯಿತು. ಎಲ್ಲರಿಗೂ ಥೆರಪಿ ಸಿಕ್ಕಿತ್ತು. ಸಿಲೋಸೈಬಿನ್ ಕೂಡ ಸಿಕ್ಕವರು ವಿಪರೀತ ಕುಡಿದ ದಿನಗಳು ಒಟ್ಟು ದಿನಗಳಲ್ಲಿ ಶೇ. 9.7. ಬೇರೆ ಔಷಧಿ ಪಡೆದ ಗುಂಪಿನಲ್ಲಿ ಅದು ಶೇ. 23.6. ಅದೇ ವರ್ಷ, ಬೇರೆ ಔಷಧಿಗೆ ಬಗ್ಗದ ಖಿನ್ನತೆಯ 233 ಮಂದಿಯಲ್ಲಿ 25 ಮಿಲಿಗ್ರಾಂನ ಒಂದೇ ಡೋಸ್ ಮೂರನೇ ವಾರಕ್ಕೆ ಶೇ. 37 ಮಂದಿಗೆ ಗುಣ ತೋರಿಸಿತು. 1 ಮಿಲಿಗ್ರಾಂ ಪಡೆದವರಲ್ಲಿ ಶೇ. 18. ಎಲ್ಲ ದಾರಿ ಮುಚ್ಚಿತು ಅಂದುಕೊಂಡವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಳಂಕದಿಂದ ಆಗುವ ನಷ್ಟ ಬರೀ ಮನಸ್ಸಿನ ನೋವಲ್ಲ. ಅದು ಜೀವಕ್ಕೂ ಕುತ್ತು. ಬೈಯುತ್ತಾರೆ ಅಂತ ಹೆದರಿದವರು ವೈದ್ಯರಿಂದ ಮುಚ್ಚಿಡುತ್ತಾರೆ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಔಷಧಿ ತೆಗೆದುಕೊಳ್ಳುವವರು ಸಿಲೋಸೈಬಿನ್ ಅಥವಾ ಎಲ್‌ಎಸ್‌ಡಿ ಸೇವಿಸಿದರೆ ಫಿಟ್ಸ್ ಬರುವ ಅಪಾಯ ಇದೆ. ಅದನ್ನು ಅವರಿಗೆ ಯಾರು ಹೇಳುತ್ತಾರೆ? ಖಿನ್ನತೆಯ ಕೆಲವು ಮಾತ್ರೆಗಳು ಸಿಲೋಸೈಬಿನ್ ಪರಿಣಾಮ ತಗ್ಗಿಸಬಹುದು ಅಂತ ಕೇಳಿ ತಾವಾಗಿಯೇ ಮಾತ್ರೆ ನಿಲ್ಲಿಸುವವರು ಇದ್ದಾರೆ. ಹಠಾತ್ತನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಮಾತಾಡಲು ಜಾಗ ಇಲ್ಲದ ಕಡೆ ಜನ ಗುಟ್ಟಾಗಿ ಕೊಡುವವರ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ತಪಾಸಣೆ ಇಲ್ಲ, ದೂರು ಕೊಡುವ ದಾರಿ ಇಲ್ಲ, ಪುಡಿಯಲ್ಲಿ ಏನಿದೆ ಅನ್ನುವ ಖಾತ್ರಿಯೂ ಇಲ್ಲ.

ಕೆಟಮೈನ್ ಕಥೆ ನೋಡಿ. ದಶಕಗಳಿಂದ ಅದು ಅರಿವಳಿಕೆಯ ಔಷಧಿ. ಪಾರ್ಟಿಗಳಲ್ಲಿ ದುರುಪಯೋಗವೂ ಆಗುತ್ತದೆ. ಹಾಗಂತ ಆಪರೇಷನ್ ಕೋಣೆಯಿಂದ ಯಾರೂ ಅದನ್ನು ಓಡಿಸಲಿಲ್ಲ. 2019ರಲ್ಲಿ ಅದರದ್ದೇ ರೂಪವಾದ ಎಸ್‌ಕೆಟಮೈನ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಖಿನ್ನತೆಯ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಮೂಗಿಗೆ ಸಿಂಪಡಿಸಿದ ಮೇಲೆ ಎರಡು ಗಂಟೆ ಆಸ್ಪತ್ರೆಯವರ ಕಣ್ಣಳತೆಯಲ್ಲೇ ಇರಬೇಕು ಅನ್ನುವ ನಿಯಮದ ಜೊತೆಗೆ. ಮಾರ್ಫಿನ್ ವಿಷಯದಲ್ಲೂ ನಮಗೆ ಈ ವಿವೇಕ ಇದೆ. ಬೀದಿಯಲ್ಲಿ ಮಾರಿದರೆ ಅಪರಾಧ, ಕ್ಯಾನ್ಸರ್ ವಾರ್ಡಿನಲ್ಲಿ ಕೊಟ್ಟರೆ ಕರುಣೆ. ಸಿಲೋಸೈಬಿನ್‌ಗೆ ಮಾತ್ರ ಆ ವಿವೇಕ ಯಾಕೆ ಇಲ್ಲ?

ಭಯ ಕಳೆಯುವುದು ಅಂದರೆ ಅಪಾಯ ಮುಚ್ಚಿಡುವುದು ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಆಗುವುದಿಲ್ಲ, ಏನು ಕೆಡಬಹುದು, ಎಷ್ಟು ಮಂದಿಗೆ ಫಲ ಸಿಗಲಿಲ್ಲ, ಇದನ್ನೆಲ್ಲ ಅದೇ ಉಸಿರಿನಲ್ಲಿ ಹೇಳಬೇಕು. ಮನೋವೈದ್ಯರು, ನರ್ಸ್‌ಗಳು, ಪ್ರಯೋಗದಲ್ಲಿ ಪಾಲ್ಗೊಂಡವರು ಹೇಳಬೇಕು. ಸುಮ್ಮನಿದ್ದರೆ ಆ ಜಾಗವನ್ನು ಮಾರಾಟಗಾರರು ತುಂಬುತ್ತಾರೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ, ಅನುಮತಿ ಪಡೆದ ಮನೋವೈದ್ಯರು ಪಿಟಿಎಸ್‌ಡಿಗೆ ಎಂಡಿಎಂಎ, ಬೇರೆ ಔಷಧಿಗೆ ಬಗ್ಗದ ಖಿನ್ನತೆಗೆ ಸಿಲೋಸೈಬಿನ್ ಬರೆದುಕೊಡಬಹುದು. ಅಲ್ಲಿನ ರೋಗಿ ವೈದ್ಯರ ಎದುರು ಕೂತು ಈ ಪ್ರಶ್ನೆ ಕೇಳಬಹುದು, ಉತ್ತರ ಪಡೆಯಬಹುದು. ಉಳಿದ ಕಡೆಯ ರೋಗಿಗಳಿಗೆ ಕೊನೆಗೆ ಅಷ್ಟಾದರೂ ಸಿಗಲಿ.

ವಿರೋಧ: ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಕೊಡಿ

ಈ ಚಿಕಿತ್ಸೆ ಮೇಲೆ ನನಗೆ ದ್ವೇಷ ಇಲ್ಲ. ಇದು ಫಲ ಕೊಡಲಿ ಅಂತಲೇ ನನ್ನ ಆಸೆ. ಅದಕ್ಕೇ ಕಳಂಕ ತೊಡೆಯುವ ಈ ಆತುರ ನೋಡಿದರೆ ಹೆದರಿಕೆ ಆಗುತ್ತದೆ. ರೋಗಿಯನ್ನು ಹೀಗಳೆಯುವುದು ತಪ್ಪು, ಅದು ಇವತ್ತೇ ನಿಲ್ಲಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಚಿಕಿತ್ಸೆಯ ಬಗ್ಗೆ ಇರುವ ಸಂಶಯವನ್ನೂ ಅದೇ ಮೂಟೆಗೆ ತುಂಬಿ, ಎಲ್ಲವನ್ನೂ ಹಳೇ ಕಾಲದ ಪೂರ್ವಗ್ರಹ ಅಂತ ಹೊರಗೆ ಎಸೆಯಲು ಹೊರಟಿದ್ದಾರಲ್ಲ, ಅದಕ್ಕೆ ನನ್ನ ವಿರೋಧ. ಒಬ್ಬ ತಾಯಿ, "ಆರು ಗಂಟೆ ನನ್ನ ಮಗಳು ಮೈಮೇಲೆ ಎಚ್ಚರ ಇಲ್ಲದೆ ಮಲಗಿರುವಾಗ ಆ ಕೋಣೆಯಲ್ಲಿ ಯಾರಿರುತ್ತಾರೆ?" ಅಂತ ಕೇಳಿದರೆ ಅದು ಪೂರ್ವಗ್ರಹವಾ? ಈ ಇಡೀ ಚರ್ಚೆಯಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ.

ಆ ತಾಯಿಗೆ ನಿಜ ಹೇಳಬೇಕಾದರೆ ಕೆನಡಾದ ಪ್ರಯೋಗದ ಕಥೆ ಹೇಳಬೇಕು. 2015ರಲ್ಲಿ ಪಿಟಿಎಸ್‌ಡಿಗೆ ಎಂಡಿಎಂಎ ಕೊಡುವ ಪ್ರಯೋಗವೊಂದರಲ್ಲಿ ಒಬ್ಬ ಮಹಿಳೆ ಪಾಲ್ಗೊಂಡಿದ್ದರು. ಥೆರಪಿಸ್ಟ್ ಆಗಿದ್ದವರು ಗಂಡ ಹೆಂಡತಿ. ಔಷಧಿಯ ಪ್ರಭಾವದಲ್ಲಿದ್ದ ಆಕೆಯನ್ನು ಅವರು ಅಪ್ಪಿಕೊಂಡು ಮಲಗಿದ್ದು, ಹಿಡಿದು ಅದುಮಿದ್ದು ವಿಡಿಯೊದಲ್ಲೇ ದಾಖಲಾಗಿದೆ. ಆಮೇಲೆ ಆ ಗಂಡಸು ಆಕೆಯ ಜೊತೆ ಲೈಂಗಿಕ ಸಂಬಂಧಕ್ಕೂ ಹೋದ. ಪ್ರಯೋಗ ನಡೆಸಿದ ಮ್ಯಾಪ್ಸ್ ಸಂಸ್ಥೆ ನಡತೆಯ ಉಲ್ಲಂಘನೆ ಆಗಿದೆ ಅಂತ 2019ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು. 2024ರ ಆಗಸ್ಟ್‌ನಲ್ಲಿ ಸೈಕೋಫಾರ್ಮಕಾಲಜಿ ಪತ್ರಿಕೆ ಎಂಡಿಎಂಎ ಬಗ್ಗೆ ತಾನು ಪ್ರಕಟಿಸಿದ್ದ ಮೂರು ಲೇಖನಗಳನ್ನು ವಾಪಸ್ ಪಡೆಯಿತು. ಒಂದು ಕೇಂದ್ರದಲ್ಲಿ ನೀತಿಗೆಟ್ಟ ನಡವಳಿಕೆ ನಡೆದದ್ದು ಬರೆದವರಿಗೆ ಗೊತ್ತಿತ್ತು, ಆದರೂ ತಿಳಿಸಲಿಲ್ಲ ಅನ್ನುವುದು ಕಾರಣಗಳಲ್ಲಿ ಒಂದು.

ಇದು ಒಬ್ಬಿಬ್ಬರು ಕೆಟ್ಟವರ ಕಥೆ ಅಂತ ಪಕ್ಕಕ್ಕೆ ಸರಿಸಬೇಡಿ. ಔಷಧಿಯ ಗುಣದಲ್ಲೇ ಈ ಅಪಾಯ ಇದೆ. ಎಂಡಿಎಂಎ ಎದುರಿನವರ ಮೇಲೆ ನಂಬಿಕೆ, ಅಕ್ಕರೆ ಉಕ್ಕಿಸುತ್ತದೆ. ಅದು ಉಪಯೋಗಕ್ಕೆ ಬರುವುದೇ ಆ ಕಾರಣಕ್ಕೆ. ಸಿಲೋಸೈಬಿನ್ ಮನಸ್ಸಿನ ಕಟ್ಟುಗಳನ್ನು ಸಡಿಲಿಸುತ್ತದೆ, ಆ ಹೊತ್ತಿನಲ್ಲಿ ಹೇಳಿದ ಮಾತು ಆಳಕ್ಕೆ ಇಳಿಯುತ್ತದೆ. ಅಂಥ ಸ್ಥಿತಿಯಲ್ಲಿ "ಬೇಡ" ಅನ್ನುವ ಶಕ್ತಿ ಎಷ್ಟು ಉಳಿದಿರುತ್ತದೆ? ಬೆಳಿಗ್ಗೆ ಕೊಟ್ಟ ಒಪ್ಪಿಗೆಯನ್ನು ಮಧ್ಯಾಹ್ನ ಹಿಂತೆಗೆದುಕೊಂಡರೆ ಅದನ್ನು ಗೌರವಿಸುವವರು ಯಾರು? ಆಘಾತ ಅನುಭವಿಸಿದವರಲ್ಲಿ ಅನೇಕರು ಲೈಂಗಿಕ ದೌರ್ಜನ್ಯಕ್ಕೆ ತುತ್ತಾದವರು. ಅವರಿಗೆ ಮುಟ್ಟುವುದೇ ಗಾಯ. ಹೀಗಿರುವಾಗ ಕೈ ಹಿಡಿದು ಸಮಾಧಾನ ಮಾಡುವುದು ಎಲ್ಲಿ ನಿಲ್ಲಬೇಕು ಅನ್ನುವುದಕ್ಕೆ ಗಟ್ಟಿ ನಿಯಮ ಬೇಕು, ಬರೆದ ನಿಯಮ ಬೇಕು, ಮುರಿದರೆ ಲೈಸೆನ್ಸ್ ಹೋಗುವಂಥ ನಿಯಮ ಬೇಕು. ಇದು ಆಗುವ ಮೊದಲು ಭಯ ಬಿಡಿ ಅಂತ ಜನರಿಗೆ ಹೇಳುವುದು ನನ್ನಿಂದ ಆಗದು.

ಎರಡನೆಯ ವಿಷಯ ಸಾಕ್ಷ್ಯದ್ದು. 2024ರ ಜೂನ್‌ನಲ್ಲಿ ಎಫ್‌ಡಿಎ ಸಲಹಾ ಸಮಿತಿ ಪಿಟಿಎಸ್‌ಡಿಗೆ ಎಂಡಿಎಂಎ ಕೊಡುವ ಅರ್ಜಿಯನ್ನು ನೋಡಿತು. ಫಲ ಇದೆಯೇ ಅನ್ನುವ ಪ್ರಶ್ನೆಗೆ 9 ಮಂದಿ ಇಲ್ಲ ಅಂದರು, 2 ಮಂದಿ ಹೌದು. ಲಾಭ ಅಪಾಯಕ್ಕಿಂತ ಹೆಚ್ಚೇ ಅನ್ನುವುದಕ್ಕೆ 10 ಮಂದಿ ಇಲ್ಲ, ಒಬ್ಬರು ಹೌದು. ಆಗಸ್ಟ್‌ನಲ್ಲಿ ಎಫ್‌ಡಿಎ ಅರ್ಜಿಯನ್ನು ಒಪ್ಪಲಿಲ್ಲ, ಮತ್ತೊಂದು ಪ್ರಯೋಗ ಮಾಡಿ ಅಂದಿತು. ಅರ್ಜಿ ಹಾಕಿದ್ದ ಕಂಪನಿಯ ಕೊನೆಯ ದೊಡ್ಡ ಪ್ರಯೋಗದಲ್ಲಿ 104 ಮಂದಿ ಇದ್ದರು. ಎಂಡಿಎಂಎ ಪಡೆದವರಲ್ಲಿ ಶೇ. 71 ಮಂದಿಗೆ ಪಿಟಿಎಸ್‌ಡಿಯ ಲಕ್ಷಣಗಳು ಕಾಯಿಲೆ ಅನ್ನುವ ಮಟ್ಟಕ್ಕಿಂತ ಕೆಳಗಿಳಿದವು. ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಈ ಅಂಕಿ. ಔಷಧಿ ಇಲ್ಲದೆ ಬರೀ ಥೆರಪಿ ಪಡೆದವರಲ್ಲೂ ಶೇ. 48 ಮಂದಿ ಹಾಗೇ ಸುಧಾರಿಸಿದ್ದರು. ಅಷ್ಟು ಗಂಟೆ, ಅಷ್ಟು ಗಮನ ಕೊಟ್ಟು ಒಬ್ಬರ ನೋವನ್ನು ಕೇಳಿದರೆ ಅರ್ಧದಷ್ಟು ಜನ ಚೇತರಿಸಿಕೊಳ್ಳುತ್ತಾರೆ ಅನ್ನುವುದು ನನಗೆ ಆ ಪ್ರಯೋಗದ ದೊಡ್ಡ ಸುದ್ದಿಯಾಗಿ ಕಾಣುತ್ತದೆ. ಅದರ ಬಗ್ಗೆ ಯಾರೂ ಅಭಿಯಾನ ಮಾಡುತ್ತಿಲ್ಲ.

ಇಲ್ಲಿ ಒಂದು ತೊಡಕು ಇದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸಾಮಾನ್ಯವಾಗಿ ಔಷಧಿ ಪರೀಕ್ಷೆಯಲ್ಲಿ ಅರ್ಧ ಜನರಿಗೆ ಅಸಲಿ ಗುಳಿಗೆ, ಅರ್ಧ ಜನರಿಗೆ ಹುಸಿ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತು ಅಂತ ಯಾರಿಗೂ ಗೊತ್ತಾಗಬಾರದು. ಸೈಕೆಡೆಲಿಕ್‌ನಲ್ಲಿ ಇದು ಸಾಧ್ಯವೇ ಆಗುತ್ತಿಲ್ಲ. ಅಸಲಿ ಸಿಕ್ಕವರಿಗೆ ಒಂದು ಗಂಟೆಯೊಳಗೆ ಗೊತ್ತಾಗುತ್ತದೆ. ಕುಡಿತದ ಚಟದ ಪ್ರಯೋಗದಲ್ಲಿ ಮೊದಲ ಸಲ ಔಷಧಿ ಪಡೆದಾಗಲೇ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ತಮಗೆ ಯಾವುದು ಸಿಕ್ಕಿತು ಅಂತ ಸರಿಯಾಗಿ ಊಹಿಸಿದ್ದರು. ಅಸಲಿ ಸಿಕ್ಕಿತು ಅಂತ ಗೊತ್ತಾದವರಲ್ಲಿ ಭರವಸೆ ಏರುತ್ತದೆ. ಸಿಗಲಿಲ್ಲ ಅಂತ ಗೊತ್ತಾದವರು ಕುಸಿಯುತ್ತಾರೆ, ಎಷ್ಟೋ ವರ್ಷ ಕಾದು ಬಂದವರು ಅವರು. ಖಿನ್ನತೆಯನ್ನು ಅಳೆಯುವುದು ರೋಗಿಯ ಮಾತಿನಿಂದಲೇ. ಹಾಗಾಗಿ ಈ ಭರವಸೆ, ಈ ನಿರಾಸೆ ಎರಡೂ ನೇರವಾಗಿ ಅಂಕಿಗಳೊಳಗೆ ಸೇರಿಕೊಳ್ಳುತ್ತವೆ.

ಈಗ ಯೋಚಿಸಿ. ಕಳಂಕ ತೊಡೆಯಲು ಚಾನೆಲ್ ಚಾನೆಲ್‌ನಲ್ಲಿ "ಒಂದೇ ದಿನದಲ್ಲಿ ನನ್ನ ಬದುಕು ಬದಲಾಯಿತು" ಅನ್ನುವ ಕಥೆಗಳನ್ನು ಹರಡಿದರೆ ಏನಾಗುತ್ತದೆ? ನಾಳೆ ಪ್ರಯೋಗಕ್ಕೆ ಬರುವವರು ಅದೇ ನಿರೀಕ್ಷೆ ಹೊತ್ತು ಬರುತ್ತಾರೆ. ಔಷಧಿ ಕೆಲಸ ಮಾಡಿತೋ ನಿರೀಕ್ಷೆ ಕೆಲಸ ಮಾಡಿತೋ ಅಂತ ಬಿಡಿಸುವುದು ಇನ್ನೂ ಕಷ್ಟವಾಗುತ್ತದೆ. ಜನರ ಮನಸ್ಸು ಗೆಲ್ಲಲು ಮಾಡುವ ಪ್ರಚಾರವೇ, ಜನರ ಸಂಶಯ ನಿವಾರಿಸಬೇಕಾದ ಪುರಾವೆಯನ್ನು ಕೆಡಿಸುತ್ತದೆ. ನಾನು ಬೇಡ ಅನ್ನುವುದಕ್ಕೆ ಇದು ಎಲ್ಲಕ್ಕಿಂತ ಗಟ್ಟಿ ಕಾರಣ.

ಪ್ರಚಾರದ ಅಬ್ಬರಕ್ಕೂ ಪ್ರಯೋಗದ ಅಂಕಿಗೂ ಎಷ್ಟು ಅಂತರ ಇದೆ ನೋಡಿ. 2021ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು 59 ಮಂದಿಯಲ್ಲಿ ಸಿಲೋಸೈಬಿನ್ನನ್ನು ಎಸಿಟಲೋಪ್ರಾಮ್ ಅನ್ನುವ ಹಳೆಯ ಮಾತ್ರೆಯ ಜೊತೆ ಹೋಲಿಸಿತು. ಮೊದಲೇ ಗೊತ್ತುಮಾಡಿದ್ದ ಮುಖ್ಯ ಅಳತೆಯಲ್ಲಿ, ಆರು ವಾರದ ಕೊನೆಗೆ, ಎರಡರ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. 2022ರ ದೊಡ್ಡ ಪ್ರಯೋಗದಲ್ಲಿ ಶೇ. 37 ಮಂದಿಗೆ ಗುಣ ಕಂಡಿತು ಅನ್ನುವುದು ನಿಜ. 12ನೇ ವಾರದವರೆಗೂ ಆ ಗುಣ ಉಳಿದದ್ದು ಶೇ. 20 ಮಂದಿಯಲ್ಲಿ. ಅದೇ ಪ್ರಯೋಗದಲ್ಲಿ 25 ಮಿಲಿಗ್ರಾಂ ಪಡೆದೂ ಗುಣ ಕಾಣದ ಮೂವರಲ್ಲಿ ನಂತರದ ವಾರಗಳಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ವರ್ತನೆ ಕಾಣಿಸಿಕೊಂಡಿತು. ಕೊನೆಯ ಆಸರೆ ಅಂತ ನಂಬಿ ಬಂದವರಿಗೆ ಅದೂ ಕೈಕೊಟ್ಟರೆ ಏನಾಗುತ್ತದೆ? ಆಸೆ ಹುಟ್ಟಿಸುವವರು ಈ ಪ್ರಶ್ನೆಯನ್ನು ಹೊತ್ತುಕೊಂಡೇ ಮಾತಾಡಬೇಕು.

ಪರವಾದಿಗಳು ಇತಿಹಾಸ ಹೇಳುವಾಗ ಒಂದು ಭಾಗ ಬಿಟ್ಟುಬಿಡುತ್ತಾರೆ. 60ರ ದಶಕದ ಭಯವನ್ನು ಸರ್ಕಾರ ಒಂದೇ ಹುಟ್ಟಿಸಲಿಲ್ಲ. ಹಾರ್ವರ್ಡ್‌ನಲ್ಲಿ ಸಿಲೋಸೈಬಿನ್ ಸಂಶೋಧನೆ ಮಾಡುತ್ತಿದ್ದ ಟಿಮತಿ ಲಿಯರಿ ಸಂಶೋಧಕರಾಗಿ ಉಳಿಯದೆ ಪ್ರಚಾರಕರಾದರು. 1963ರಲ್ಲಿ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ಅವರು ಇನ್ನೂ ಜೋರಾಗಿ ಎಲ್ಲರನ್ನೂ ಕರೆದರು. ಇನ್ನೊಂದು ಕಡೆ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಎಂಕೆ ಅಲ್ಟ್ರಾ ಯೋಜನೆಯಲ್ಲಿ ಏನೂ ತಿಳಿಯದ ಜನರಿಗೆ ಎಲ್‌ಎಸ್‌ಡಿ ಕುಡಿಸಿತು. ಇವೆರಡನ್ನೂ ನೋಡಿದ ಮೇಲೆ ಸಾಮಾನ್ಯ ಜನ ಹೆದರಿದ್ದರಲ್ಲಿ ಏನು ತಪ್ಪಿದೆ? ಅಂದು ಎಚ್ಚರಿಕೆಯಿಂದ ಕೆಲಸ ಮಾಡುತ್ತಿದ್ದ ವೈದ್ಯರೂ ಈ ಉತ್ಸಾಹದ ಬೆಲೆ ತೆತ್ತರು. ಅವರ ರೋಗಿಗಳೂ ತೆತ್ತರು.

ಮರಿಯಾ ಸಬೀನಾ ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. ಮೆಕ್ಸಿಕೋದ ವಾಹಕಾ ರಾಜ್ಯದ ಮಸಾಟೆಕ್ ಸಮುದಾಯದ ಈ ವೈದ್ಯೆ ರೋಗ ವಾಸಿಮಾಡಲು ರಾತ್ರಿ ಪೂಜೆಯಲ್ಲಿ ಸಿಲೋಸೈಬಿನ್ ಇರುವ ಅಣಬೆಗಳನ್ನು ಕೊಡುತ್ತಿದ್ದರು. 1955ರಲ್ಲಿ ಅಮೆರಿಕದ ಬ್ಯಾಂಕರ್ ಗಾರ್ಡನ್ ವಾಸನ್ ಅವರನ್ನು ಅದರಲ್ಲಿ ಸೇರಿಸಿಕೊಂಡರು. 1957ರಲ್ಲಿ ಲೈಫ್ ಪತ್ರಿಕೆಯಲ್ಲಿ ವಾಸನ್ ಲೇಖನ ಬಂತು. ಆಮೇಲೆ ಹೊರಗಿನವರ ದಂಡೇ ಆ ಬೆಟ್ಟದೂರಿಗೆ ನುಗ್ಗಿತು. ಪೊಲೀಸರು ಬಂದರು. ಊರವರು ಸಬೀನಾ ಮೇಲೆ ತಿರುಗಿಬಿದ್ದರು, ಅವರ ಮನೆ ಸುಟ್ಟುಹೋಯಿತು. ಜಗತ್ತು ಆ ಅಣಬೆಯ ಭಯ ಬಿಟ್ಟಿತು, ಕಷ್ಟ ಮಾತ್ರ ಆಕೆಯ ಪಾಲಿಗೆ ಬಂತು. ಇವತ್ತು ಪೇಟೆಂಟ್, ಹೂಡಿಕೆ ಅಂತ ಮಾತಾಡುವ ಸಭೆಗಳಲ್ಲಿ ಆ ಸಮುದಾಯಕ್ಕೆ ಯಾವ ಪಾಲು ಇದೆ? ನನಗೆ ಈ ಪ್ರಶ್ನೆ ಚಿಕ್ಕದಾಗಿ ಕಾಣುವುದಿಲ್ಲ.

ಭಯ ಕಡಿಮೆಯಾದ ಕಡೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಆರೆಗಾನ್ ಇದೆ. 2020ರಲ್ಲಿ ಅಲ್ಲಿನ ಮತದಾರರು ಸಿಲೋಸೈಬಿನ್ ಸೇವೆಗೆ ಒಪ್ಪಿಗೆ ಕೊಟ್ಟರು, 2023ರಲ್ಲಿ ಕೇಂದ್ರಗಳು ತೆರೆದವು. 21 ವರ್ಷ ಆದವರು ಹೋಗಬಹುದು. ಕಾಯಿಲೆ ಇದೆ ಅನ್ನುವ ಚೀಟಿ ಬೇಕಿಲ್ಲ. ಪಕ್ಕದಲ್ಲಿ ಕೂರುವವರು ವೈದ್ಯರಾಗಿರಬೇಕಿಲ್ಲ. ಒಂದು ಸಲದ ಖರ್ಚು ಸಾವಿರ ಡಾಲರ್ ದಾಟುವುದು ಸಾಮಾನ್ಯ. ಪ್ರಯೋಗದ ಕಟ್ಟುನಿಟ್ಟಿನಲ್ಲಿ ಬಂದ ಫಲಿತಾಂಶವನ್ನು ತೋರಿಸಿ ಜನರ ಭಯ ಕಳೆದರು. ಜನರಿಗೆ ಸಿಕ್ಕಿದ್ದು ಆ ಕಟ್ಟುನಿಟ್ಟು ಇಲ್ಲದ ಬೇರೆಯದೇ ವ್ಯವಸ್ಥೆ. ದುಡ್ಡು ಇಲ್ಲದವರಿಗೆ ಅದೂ ಇಲ್ಲ. ಅವರು ಮನೆಯಲ್ಲೇ ತೆಗೆದುಕೊಳ್ಳುತ್ತಾರೆ. ಅಪ್ಪನಿಗೋ ಅಕ್ಕನಿಗೋ ಸ್ಕಿಜೋಫ್ರೇನಿಯಾ ಇದ್ದ ಹುಡುಗನನ್ನು ಪ್ರಯೋಗದವರು ಬಾಗಿಲಲ್ಲೇ ತಡೆಯುತ್ತಿದ್ದರು. ಮನೆಯಲ್ಲಿ ಅವನನ್ನು ತಡೆಯುತ್ತಿದ್ದದ್ದು ಬರೀ ಭಯ. ಅದನ್ನು ತೆಗೆಯುವ ಮೊದಲು ಆ ಜಾಗಕ್ಕೆ ಏನು ಇಡುತ್ತೀರಿ ಅಂತ ಹೇಳಿ.

ನಾನು ಕೇಳುವುದು ಜಾಸ್ತಿ ಏನಿಲ್ಲ. ಪ್ರತಿ ಸೆಷನ್ ವಿಡಿಯೊ ದಾಖಲಾಗಲಿ, ಅದು ರೋಗಿಯ ಕೈಗೂ ಸಿಗಲಿ. ಮುಟ್ಟುವ ವಿಷಯದಲ್ಲಿ ಒಪ್ಪಿಗೆ ಮೊದಲೇ ಬರೆದಿಡಲಿ, ಔಷಧಿ ಏರಿದ ಮೇಲೆ ಅದನ್ನು ಹಿಗ್ಗಿಸುವುದು ಬೇಡ. ದೂರು ಕೇಳುವವರು ಆ ಸಂಸ್ಥೆಯ ಸಂಬಳ ತಿನ್ನುವವರಾಗಿರಬಾರದು. ತಿಂಗಳುಗಟ್ಟಲೆ ಆತಂಕ ಉಳಿದವರು, ಕಣ್ಣ ಮುಂದೆ ಬಣ್ಣ ಬೆಳಕು ಕಾಣುವುದು ನಿಲ್ಲದವರು, ಥೆರಪಿಸ್ಟ್ ಮೇಲೆ ಅತಿಯಾಗಿ ಅವಲಂಬಿತರಾದವರು, ಇವರ ಅನುಭವವೂ ಲೆಕ್ಕಕ್ಕೆ ಸೇರಲಿ. ಈಗ ಅಂಥವರು ಬಾಯಿಬಿಟ್ಟರೆ "ನಿಮ್ಮಿಂದ ಇಡೀ ಚಳವಳಿಗೆ ಪೆಟ್ಟು" ಅನ್ನುವ ಮಾತು ಕೇಳಬೇಕಾಗುತ್ತದೆ. ಕಳಂಕ ತೊಡೆಯಲು ಹೊರಟವರೇ ಹೊಸ ಕಳಂಕ ಹೊರಿಸುತ್ತಿದ್ದಾರೆ.

ಆಸ್ಟ್ರೇಲಿಯಾದ ದಾರಿ ನನಗೆ ಒಪ್ಪಿಗೆಯ ಹತ್ತಿರ ಇದೆ, ಏಕೆಂದರೆ ಅಲ್ಲಿ ಹೊಣೆ ಹೊರುವ ಮನೋವೈದ್ಯರಿದ್ದಾರೆ, ನೀತಿ ಸಮಿತಿಯ ಒಪ್ಪಿಗೆ ಇದೆ. ಆ ಚಿಕಿತ್ಸೆ ಪಡೆದ ಪ್ರತಿಯೊಬ್ಬರೂ ಒಂದು ವರ್ಷದ ನಂತರ ಹೇಗಿದ್ದಾರೆ ಅನ್ನುವುದು, ಒಳ್ಳೆಯದಾಗಿರಲಿ ಕೆಟ್ಟದಾಗಿರಲಿ, ಜನರ ಕೈಗೆ ಸಿಗುವಂತೆ ಪ್ರಕಟವಾಗಲಿ. ಆ ಲೆಕ್ಕ ಹಿಡಿದು ಬಂದು ಮಾತಾಡುವ ವೈದ್ಯರಿಗೆ ನಾನೇ ಮೊದಲ ಕೇಳುಗ. ಅಲ್ಲಿಯವರೆಗೆ ಆ ತಾಯಿಗೆ ನಾನು ಹೇಳುವುದು ಇಷ್ಟೇ: ಆ ಕೋಣೆಯಲ್ಲಿ ಯಾರಿರುತ್ತಾರೆ ಅಂತ ಕೇಳುತ್ತಲೇ ಇರಿ.